ಫ್ಯಾಂಟಮ್‌ಗೆ ನೆಟ್‌ವರ್ಕ್ ಎಲ್ಲಿಂದ ಬರುತ್ತಿತ್ತು?

ಅಟ್ಟದ ಇಲಿ (ಸಕಲೇಶಪುರ ತಾಲೂಕು), ಸೋಮವಾರ ರಾತ್ರಿ 9.40

ಪುಷ್ಯ ಮಳೆ ಹಿಡಿದು ಐದು ದಿನ ಆಯಿತು. ಕರೆಂಟ್ ಹೋಗಿ ಮೂರು ದಿನ. ಕರೆಂಟ್ ಹೋದ ಕೆಲವು ಗಂಟೆಗೆ ಟವರಿನ ಬ್ಯಾಟರಿಯೂ ಕೈ ಕೊಡುತ್ತದೆ. ಆಮೇಲೆ ಫೋನ್ ಅನ್ನೋದು ಬರೀ ಟಾರ್ಚ್. ನಮ್ಮ ಗೇಟಿನ ಪಕ್ಕ ಒಂದು ಸಿಲ್ವರ್ ಮರ ಇದೆ. ಅದರ ಬುಡದ ಕಲ್ಲು ಹತ್ತಿ ಕೈ ಎತ್ತಿ ಹಿಡಿದರೆ ಗುಡ್ಡದಾಚೆಯ ಟವರಿನಿಂದ ಒಂದೇ ಒಂದು ಕಡ್ಡಿ ಸಿಗುತ್ತದೆ. ಇದನ್ನು ಅಲ್ಲೇ ನಿಂತು ಕಳಿಸುತ್ತಿದ್ದೇನೆ. ಕೈಯಲ್ಲಿ ಕೊಡೆ, ಕಾಲಲ್ಲಿ ಉಂಬಳ.

ವಿಷಯಕ್ಕೆ ಬರುತ್ತೇನೆ. ಅಟ್ಟ ಸೋರುತ್ತಿತ್ತು, ಬಕೆಟ್ ಇಡೋಣ ಅಂತ ಹತ್ತಿದೆ. ಅಲ್ಲಿ ಚಿಕ್ಕಪ್ಪನ ಹಳೇ ತಗಡಿನ ಟ್ರಂಕ್ ಇತ್ತು. ಒಳಗೆ ಬಾಳೆನಾರಿನಲ್ಲಿ ಕಟ್ಟಿದ ಒಂದು ಕಟ್ಟು. ಬಿಚ್ಚಿದರೆ ಇಂದ್ರಜಾಲ ಕಾಮಿಕ್ಸ್! ಕನ್ನಡದ್ದು, ಒಟ್ಟು ಹನ್ನೊಂದು. ಹುಳ ಹೊಡೆದ ತೂತುಗಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೇರವಾಗಿ ಹೋಗಿವೆ. ಒಂದು ತೂತಂತೂ ಎಲ್ಲ ಪುಟದಲ್ಲೂ ಯಾರದಾದರೂ ತಲೆಯ ಮೇಲೇ ಬಂದಿದೆ. ನುಸಿಗುಳಿಗೆಯ ವಾಸನೆ ಇನ್ನೂ ಹೋಗಿಲ್ಲ.

ಮಗಳಿಗೆ ಒಂಬತ್ತು ವರ್ಷ. ಟ್ಯಾಬ್ ಸತ್ತು ಎರಡು ದಿನ ಆಗಿತ್ತು, ಹಾಗಾಗಿ ಬೇರೆ ದಾರಿಯಿಲ್ಲದೆ ಕೇಳಲು ಕೂತಳು. ಮೇಣದಬತ್ತಿ ಹಚ್ಚಿ, ಕಾಡಿನಲ್ಲಿದ್ದು ಕಳ್ಳರನ್ನು ಹಿಡಿಯುವ ಮುಖವಾಡದ ವೀರ ಫ್ಯಾಂಟಮ್‌ನ ಒಂದು ಕಥೆ ಗಟ್ಟಿಯಾಗಿ ಓದಿದೆ. ಅರ್ಧಕ್ಕೆ ತಡೆದು ಕೇಳಿದಳು: "ಅಮ್ಮ, ಕಾಡಲ್ಲಿ ಟವರ್ ಇಲ್ಲ, ಇವನ ಹತ್ತಿರ ಮೊಬೈಲೂ ಇಲ್ಲ. ಎಲ್ಲೋ ಕಳ್ಳರು ಬಂದರೆ ಇವನಿಗೆ ಹೇಗೆ ಗೊತ್ತಾಗುತ್ತೆ?"

ನಗಾರಿ ಬಾರಿಸಿ ಹೇಳುತ್ತಾರೆ ಕಣೆ, ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಚಿಕ್ಕಂದಿನಲ್ಲಿ ಅಷ್ಟು ಓದಿದ್ದೇನೆ, ಒಮ್ಮೆಯೂ ಈ ಪ್ರಶ್ನೆ ಬಂದಿರಲಿಲ್ಲ.

ಇನ್ನೊಂದು ಸಂಕಟ. ಈ ಪುಸ್ತಕಕ್ಕೆ ಹೊದಿಕೆಯೂ ಇಲ್ಲ, ಕೊನೇ ಹಾಳೆಯೂ ಇಲ್ಲ. ಕಥೆ ಸರಿಯಾದ ಜಾಗದಲ್ಲಿ ನಿಂತುಬಿಟ್ಟಿದೆ. ಯಾರ ಹತ್ತಿರವಾದರೂ ಹಳೇ ಪ್ರತಿಗಳಿದ್ದರೆ ಹೇಳಿ. ಒಂದು ಪುಟದ ಫೋಟೋ ಹಾಕಿದ್ದೇನೆ. ಅದು ಹೋಗಲು ನಲವತ್ತು ನಿಮಿಷ ಹಿಡಿಯಿತು, ದಯವಿಟ್ಟು ಇನ್ನೊಂದು ಕೇಳಬೇಡಿ.

ಬಾಡಿಗೆ ಪುಸ್ತಕ (ಹಾಸನ), ಸೋಮವಾರ ರಾತ್ರಿ 10.25

ಇಲಿ ಅಕ್ಕ, ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದ್ದೀರಿ. ನಮ್ಮಪ್ಪ ಹಾಸನದಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಕಾದಂಬರಿ ಮುಂದಿನ ಕಪಾಟಿನಲ್ಲಿ. ಕಾಮಿಕ್ಸ್ ಮಾತ್ರ ದಾರದ ಮೇಲೆ ಬಟ್ಟೆ ಒಣಗಿಸಿದ ಹಾಗೆ ನೇತು ಹಾಕುತ್ತಿದ್ದರು. ಅಂಗಡಿಯಲ್ಲೇ ಕೂತು ಓದಿದರೆ ಒಂದು ರೇಟು, ಮನೆಗೆ ಒಯ್ದರೆ ಇನ್ನೊಂದು. ಅರ್ಧಕ್ಕರ್ಧ ಹುಡುಗರು ಅಂಗಡಿಯ ಮೆಟ್ಟಿಲ ಮೇಲೇ ಇರುತ್ತಿದ್ದರು. ಒಬ್ಬ ಓದುವುದು, ಹಿಂದಿನಿಂದ ನಾಲ್ವರು ಬಗ್ಗಿ ಪುಕ್ಕಟೆ ನೋಡುವುದು.

ಇಂದ್ರಜಾಲ ಶುರುವಾಗಿದ್ದು 1964ರ ಮಾರ್ಚ್‌ನಲ್ಲಿ, ನಿಂತಿದ್ದು 1990ರಲ್ಲಿ. ಟೈಮ್ಸ್ ಆಫ್ ಇಂಡಿಯಾದವರದ್ದು. ಫ್ಯಾಂಟಮ್ ಅದಕ್ಕಿಂತ ಬಹಳ ಹಳಬ. ಲೀ ಫಾಕ್ ಅಮೆರಿಕದ ದಿನಪತ್ರಿಕೆಗಳಲ್ಲಿ ಅವನನ್ನು ಶುರು ಮಾಡಿದ್ದು 1936ರಲ್ಲಿ. ಸೂಪರ್‌ಮ್ಯಾನ್ ಬಂದಿದ್ದು ಅದಾದ ಎರಡು ವರ್ಷಕ್ಕೆ. ಮೈಗಂಟಿದ ಬಟ್ಟೆ, ಮುಖವಾಡ, ಕಣ್ಣಿನ ಪಾಪೆ ಕಾಣದ ಬಿಳಿ ಕಣ್ಣು, ಇದೆಲ್ಲ ಇವನದೇ ಫ್ಯಾಷನ್. ಬಟ್ಟೆಯ ಬಣ್ಣ ಮಾತ್ರ ಊರಿಗೊಂದು. ಇಟಲಿಯವರು ಕೆಂಪು ಬಳಿದರು, ಸ್ವೀಡನ್‌ನವರು ನೀಲಿ.

ನಮ್ಮ ದೇಶಕ್ಕೆ ಬರುವಾಗ ಊರಿನ ಹೆಸರನ್ನೂ ಬದಲಾಯಿಸಿದರು. ಮೂಲದಲ್ಲಿ ಅವನ ದೇಶದ ಹೆಸರು ಬಂಗಾಳ ಅನ್ನೋ ಥರ ಕೇಳಿಸುತ್ತಿತ್ತು. ಸುಮ್ನೆ ಯಾಕೆ ತಕರಾರು ಅಂತ ಇಲ್ಲಿ ಡೆಂಕಾಲಿ ಮಾಡಿದರು. ಹಿಂದಿಯಲ್ಲಿ ಇವನು ವೇತಾಳ, ಬಂಗಾಳಿಯಲ್ಲಿ ಅರಣ್ಯದೇವ.

ಫೋಟೋದಲ್ಲಿರುವ ಕಥೆ ನೆನಪಿದೆ. ನನ್ನ ಹತ್ತಿರ ಮೂರು ರಟ್ಟಿನ ಪೆಟ್ಟಿಗೆ ಉಳಿದಿವೆ. ನಾಳೆ ಹುಡುಕುತ್ತೇನೆ.

ಕಣದ ಕಾವಲು (ಮೂಡಿಗೆರೆ), ಮಂಗಳವಾರ ಬೆಳಗ್ಗೆ 6.10

ಆ ಕಾಡಿನಲ್ಲಿ ನಗಾರಿಯಾದರೂ ಕೇಳುತ್ತಿತ್ತಲ್ಲ. ನಮ್ಮಲ್ಲಿ ಪಕ್ಕದ ತೋಟದವನಿಗೆ ಫೋನ್ ಮಾಡಿದರೆ "ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅನ್ನುತ್ತದೆ. ಮನುಷ್ಯ ಎದುರಿಗೆ ಬೇಲಿ ಪಕ್ಕ ನಿಂತು ಕೈ ಬೀಸುತ್ತಿರುತ್ತಾನೆ.

ರಜೆಗೆ ಮಾತ್ರ ಊರು (ಕೊಪ್ಪ, ಸದ್ಯ ಬೆಂಗಳೂರು), ಮಂಗಳವಾರ ಬೆಳಗ್ಗೆ 9.05

ಇಲಿ ಅಕ್ಕನ ಮಗಳ ಪ್ರಶ್ನೆ ನೋಡಿ ಆಫೀಸ್ ಬಸ್ಸಿನಲ್ಲಿ ಕೂತು ಇದನ್ನೇ ಯೋಚನೆ ಮಾಡಿದೆ. ಸೂಪರ್‌ಹೀರೋಗಳಿಗೆಲ್ಲ ದೊಡ್ಡ ಸಮಸ್ಯೆ ಇದೇ ಅಲ್ವಾ? ಹಾರುವುದು, ಗೋಡೆ ಹತ್ತುವುದು ಆಮೇಲಿನ ಮಾತು. ಮೊದಲು ಸುದ್ದಿ ಬರಬೇಕು.

ಅವರ ಹೊಟ್ಟೆಪಾಡಿನ ಕೆಲಸ ಏನು ನೋಡಿ. ಸೂಪರ್‌ಮ್ಯಾನ್ ಪತ್ರಿಕೆಯ ವರದಿಗಾರ. 1938ರಲ್ಲಿ ಬಂದ ಮೊದಲ ಕಥೆಯಿಂದಲೇ ಹಾಗೆ. ಸ್ಪೈಡರ್‌ಮ್ಯಾನ್ ಬಂದಿದ್ದು 1962ರಲ್ಲಿ. ಆ ಹುಡುಗ ಪತ್ರಿಕೆಗೆ ಫೋಟೋ ಮಾರಿ ಸಂಸಾರ ತೂಗಿಸುತ್ತಾನೆ. ಇಬ್ಬರೂ ಪತ್ರಿಕೆಯ ಬಾಗಿಲಲ್ಲೇ ಯಾಕೆ ಕೂತರು? ಆ ಕಾಲದಲ್ಲಿ ಊರಿನಲ್ಲಿ ಏನೇ ಆದರೂ ಮೊದಲು ಗೊತ್ತಾಗುತ್ತಿದ್ದ ಜಾಗ ಅದು. ಬ್ಯಾಟ್‌ಮ್ಯಾನ್ ಸಾಹುಕಾರ, ಅವನಿಗೆ ಕೆಲಸ ಬೇಕಿಲ್ಲ. ಹಾಗಾಗಿ ಪೊಲೀಸರೇ ಮೋಡದ ಮೇಲೆ ಬಾವಲಿ ಗುರುತಿನ ಬೆಳಕು ಬಿಟ್ಟು ಕರೆಯಬೇಕು. ನಮ್ಮ ಕೊಪ್ಪದ ಜುಲೈ ಮಂಜಿನಲ್ಲಿ ಆ ಬೆಳಕು ಬಿಟ್ಟರೆ ಬಿಟ್ಟವನಿಗೇ ಕಾಣುವುದಿಲ್ಲ, ಅದು ಬೇರೆ ಮಾತು.

ಫ್ಯಾಂಟಮ್ ವ್ಯವಸ್ಥೆ ಇವರೆಲ್ಲರಿಗಿಂತ ಗಟ್ಟಿ. ನಗಾರಿ ಇದೆ. ಸಂದೇಶ ಒಯ್ಯಲು ಫ್ರಾಕಾ ಅನ್ನೋ ಗಿಡುಗ ಇದೆ. ಜಂಗಲ್ ಪಟ್ರೋಲ್ ಅನ್ನೋ ಕಾಡಿನ ಕಾವಲು ಪಡೆಯ ಆಫೀಸಿನಲ್ಲಿ ಕಾಗದ ಇಡಲು ಒಂದು ತಿಜೋರಿ, ಅದರ ತಳದಿಂದ ಸುರಂಗ. ಒಂದು ಕೆಟ್ಟರೆ ಇನ್ನೊಂದು. ನಮ್ಮ ಕಂಪನಿಗಳಿಗೆ ಈ ಬುದ್ಧಿ ಕೋಟಿಗಟ್ಟಲೆ ಕಳೆದುಕೊಂಡ ಮೇಲೆ ಬಂತು.

2021ರ ಅಕ್ಟೋಬರ್ 4 ನೆನಪಿದೆಯಾ? ರಾತ್ರಿ ಒಂಬತ್ತು ದಾಟಿದ ಮೇಲೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಒಟ್ಟಿಗೇ ಮಲಗಿದವು. ಸುಮಾರು ಆರು ಗಂಟೆ ಏಳಲಿಲ್ಲ. ಯಾರೂ ದಾಳಿ ಮಾಡಿರಲಿಲ್ಲ. ಅವರದೇ ಒಂದು ತಪ್ಪು ಆಜ್ಞೆಯಿಂದ ಇಂಟರ್‌ನೆಟ್‌ನಲ್ಲಿ ಅವರ ಮನೆಗೆ ದಾರಿ ತೋರಿಸುವ ಬೋರ್ಡುಗಳೆಲ್ಲ ಮಾಯವಾದವು. ಮನೆ ಇದೆ, ದೀಪ ಉರಿಯುತ್ತಿದೆ, ದಾರಿ ಮಾತ್ರ ಯಾರಿಗೂ ಗೊತ್ತಿಲ್ಲ. ಮಜಾ ಏನಂದರೆ, ಸರಿ ಮಾಡಲು ಬೇಕಾದ ಒಳಗಿನ ಸಲಕರಣೆಗಳೂ ಅದೇ ನೆಟ್‌ವರ್ಕಿನ ಮೇಲೆ ನಿಂತಿದ್ದವು. ಕೀಲಿಯನ್ನು ಮನೆ ಒಳಗಿಟ್ಟು ಬಾಗಿಲು ಎಳೆದುಕೊಂಡ ಕಥೆ. ಅವರಿಗೆ ಒಂದು ಗಿಡುಗ ಇರಬೇಕಿತ್ತು.

ಬೇಲೂರು ಮೇಷ್ಟ್ರು, ಮಂಗಳವಾರ ಮಧ್ಯಾಹ್ನ 1.30

ನಗಾರಿ ವಿಷಯ ಸುಮ್ನೆ ಕಥೆಗಾರ ಕಟ್ಟಿದ್ದಲ್ಲ. ಮಗುವಿಗೆ ಹೇಳಿ. ಆಫ್ರಿಕಾದ ಕಾಂಗೋ ಕಡೆ ನಿಜವಾಗಿಯೂ ಮಾತಾಡುವ ನಗಾರಿಗಳಿದ್ದವು. ಜಾನ್ ಕ್ಯಾರಿಂಗ್ಟನ್ ಅಂತ ಒಬ್ಬ ಇಂಗ್ಲಿಷ್ ಪಾದ್ರಿ ಅಲ್ಲಿ ವರ್ಷಗಟ್ಟಲೆ ಇದ್ದು, ಬಾರಿಸುವುದನ್ನೂ ಕಲಿತು, 1949ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ.

ಅದರ ಗುಟ್ಟು ಹೀಗೆ. ಅಲ್ಲಿನ ಭಾಷೆಗಳಲ್ಲಿ ಪದವನ್ನು ಏರುದನಿಯಲ್ಲಿ ಹೇಳಿದರೆ ಒಂದು ಅರ್ಥ, ಇಳಿದನಿಯಲ್ಲಿ ಹೇಳಿದರೆ ಬೇರೆ ಅರ್ಥ. ನಗಾರಿಗೂ ಎರಡು ದನಿ. ಅದು ಅಕ್ಷರ ಹೇಳುವುದಿಲ್ಲ, ಮಾತಿನ ಏರಿಳಿತವನ್ನಷ್ಟೇ ಹೇಳುತ್ತದೆ. ಆದರೆ ಒಂದೇ ಏರಿಳಿತ ಇರುವ ಪದಗಳು ಹತ್ತಾರು. ಬರೀ "ಚಂದ್ರ" ಅಂತ ಬಾರಿಸಿದರೆ ಕೇಳುವವನಿಗೆ ಕೋಳಿ ಅಂತಲೂ ಅನಿಸಬಹುದು. ಅದಕ್ಕೆ "ಭೂಮಿಯ ಕಡೆ ಬಗ್ಗಿ ನೋಡುವ ಚಂದ್ರ" ಅಂತ ಉದ್ದಕ್ಕೆ ಬಾರಿಸುತ್ತಿದ್ದರು. ಅರ್ಧ ಗಾಳಿಗೆ ಹೋದರೂ ಉಳಿದರ್ಧದಲ್ಲಿ ವಿಷಯ ಗೊತ್ತಾಗಬೇಕು. ಈಗಿನ ಫೋನುಗಳೂ ಇದನ್ನೇ ಮಾಡುತ್ತವಂತೆ, ಕಳಿಸುವ ಮಾತಿನ ಜೊತೆ ಒಂದಿಷ್ಟು ಹೆಚ್ಚಿಗೆ ಸೇರಿಸಿ ಕಳಿಸುತ್ತವೆ, ತಪ್ಪಿದರೆ ಸರಿಮಾಡಿಕೊಳ್ಳಲು. ನಮ್ಮ ರಜೆಯ ಹುಡುಗ ಹೇಳಲಿ, ಹೌದಾ?

ನಮ್ಮಲ್ಲೂ ಇತ್ತಲ್ಲ. ಡಂಗುರ ಸಾರುವವನು ಒಂದೇ ಮಾತನ್ನು ಪ್ರತಿ ಬೀದಿಯ ಮೂಲೆಯಲ್ಲಿ ಮೂರು ಸಲ ಹೇಳುತ್ತಿದ್ದ. ಮಲೆನಾಡಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ಕೂಗು ಹಾಕುತ್ತಿದ್ದರು. "ಕೂಗಳತೆ ದೂರ" ಅಂತ ಈಗಲೂ ಅನ್ನುತ್ತೇವೆ. ಕೂಗಿನಿಂದ ನೆಲ ಅಳೆದ ಜನ ನಾವು. ಕೂಗುವವರು ಹೆಸರನ್ನು ಎಷ್ಟು ಎಳೆಯುತ್ತಿದ್ದರು ನೆನಪಿಸಿಕೊಳ್ಳಿ. ಮಂಜಾ ಅಲ್ಲ, ಮಂ...ಜಾ...ಓ. ಅದೂ ಸುಮ್ನೆ ಅಲ್ಲ.

ರಜೆಗೆ ಮಾತ್ರ ಊರು, ಮಂಗಳವಾರ ಮಧ್ಯಾಹ್ನ 1.42

ಹೌದು ಮೇಷ್ಟ್ರೇ. ಇದನ್ನು ಕಾಲೇಜಿನಲ್ಲಿ ನೀವು ಪಾಠ ಮಾಡಿದ್ದರೆ ನಾನು ಆ ಪೇಪರಿನಲ್ಲಿ ಪಾಸಾಗುತ್ತಿದ್ದೆ.

ಸಾಲಗಾಮೆ ರಸ್ತೆ (ಹಾಸನ), ಮಂಗಳವಾರ ರಾತ್ರಿ 8.15

ನಾನು ಡಿಶ್ ಕೂರಿಸುವವನು. ಈ ಮಳೆಯಲ್ಲಿ ದಿನಕ್ಕೆ ಇಪ್ಪತ್ತು ಫೋನ್. "ಟಿವಿ ಹೋಯ್ತು, ಬಂದು ನೋಡು." ಎಷ್ಟು ಹೇಳಿದರೂ ಕೇಳುವುದಿಲ್ಲ, ಅದಕ್ಕೆ ಇಲ್ಲಿ ಒಂದು ಸಲ ಬರೆದು ಬಿಡುತ್ತೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅಷ್ಟು ಎತ್ತರದಲ್ಲಿ ಅದು ಭೂಮಿಯ ಜೊತೆ ಸರಿಸಮ ಸುತ್ತುತ್ತದೆ, ಹಾಗಾಗಿ ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಡಿಶ್ ಒಮ್ಮೆ ತಿರುಗಿಸಿ ನಟ್ ಬಿಗಿದರೆ ಮುಗಿಯಿತು. ಅಲ್ಲಿಂದ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು. ಇಷ್ಟು ದೂರ ಏನೂ ಆಗದೆ ಬರುತ್ತದೆ. ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ನಮ್ಮ ಮೋಡ ಸಿಗುತ್ತದೆ. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚೆದುರಿಸುತ್ತವೆ. ಹಿಂದಿನ ಕಾಲದ ಆ ದೊಡ್ಡ ಡಿಶ್‌ಗಳಿಗೆ ಬರುತ್ತಿದ್ದ ಅಲೆ ಇದಕ್ಕಿಂತ ಉದ್ದ, ಮಳೆಗೆ ಅಷ್ಟು ಹೆದರುತ್ತಿರಲಿಲ್ಲ. ಈಗ ಡಿಶ್ ಚಿಕ್ಕದಾಯಿತು, ಮಳೆ ದೊಡ್ಡದಾಯಿತು. ನಾನು ಬಂದು ಏನು ನೋಡಲಿ? ಮೋಡಕ್ಕೆ ಏಣಿ ಹಾಕಲೇ?

ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಕೆಲವು ದಿನ ಒಂದೇ ಸಮಯಕ್ಕೆ ಕೆಲವು ನಿಮಿಷ ಟಿವಿ ಹೋಗುತ್ತದೆ, ಆಕಾಶದಲ್ಲಿ ಒಂದು ಚೂರೂ ಮೋಡ ಇರುವುದಿಲ್ಲ. ಅದಕ್ಕೂ ನನ್ನನ್ನು ಬೈಯಬೇಡಿ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ, ಅವನ ಗದ್ದಲದಲ್ಲಿ ಇದರ ದನಿ ಕೇಳುವುದಿಲ್ಲ. ಜಾತ್ರೆಯಲ್ಲಿ ಕಿವಿಯ ಹತ್ತಿರ ಪಿಸುಗುಟ್ಟಿದ ಹಾಗೆ.

ಈಗ ತಮಾಷೆ ಕೇಳಿ. ನಮ್ಮ ಮನೆಯಿಂದ ಒಂದಿಷ್ಟು ದೂರದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಿಂದ ಇದೆ. ದೇಶದ ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದು ಇಲ್ಲಿಂದ. ರಾಕೆಟ್ ಬಿಟ್ಟ ಮೇಲೆ ಅದನ್ನು ಸರಿಯಾದ ಜಾಗಕ್ಕೆ ದೂಡಿಕೊಂಡು ಹೋಗಿ ನಿಲ್ಲಿಸುವುದು, ಆಮೇಲೆ ಅತ್ತಿತ್ತ ಸರಿಯದ ಹಾಗೆ ವರ್ಷಗಟ್ಟಲೆ ಕಾಯುವುದು. ಭೋಪಾಲ್‌ನಲ್ಲಿ ಇನ್ನೊಂದು ಆಗಿದ್ದು 2005ರಲ್ಲಿ, ಅಲ್ಲಿಯವರೆಗೆ ಹಾಸನ ಒಂದೇ. ಮೊದಲನೇದು ಇನ್‌ಸ್ಯಾಟ್-1ಎ, 1982ರ ಏಪ್ರಿಲ್‌ನಲ್ಲಿ ಹೋಯಿತು, ಸೆಪ್ಟೆಂಬರ್ ಹೊತ್ತಿಗೆ ಇಂಧನ ಮುಗಿದು ಕೈಬಿಡಬೇಕಾಯಿತು. ಮರುವರ್ಷ 1ಬಿ ಹೋಯಿತು, ಅದು ಗೆದ್ದಿತು. ದೂರದರ್ಶನ ಊರೂರಿಗೆ ಬಂದಿದ್ದೇ ಅದರಿಂದ.

36,000 ಕಿಲೋಮೀಟರ್ ಆಚೆಗೆ ಹೇಳಿದ ಮಾತು ಕೇಳುತ್ತದೆ. ಅದೇ ರಸ್ತೆಯ ನಮ್ಮ ಅಡುಗೆಮನೆಯಲ್ಲಿ ನನ್ನ ಫೋನಿಗೆ ಒಂದು ಕಡ್ಡಿ ಬರುವುದಿಲ್ಲ. ಹೆಂಡತಿ ಕಿಟಕಿಯ ಸರಳಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದಾಳೆ. ಫೋನ್ ಅದರೊಳಗೆ ಇದ್ದರೆ ಮಾತ್ರ ರಿಂಗ್ ಆಗುತ್ತದೆ. ತೆಗೆದು ಕಿವಿಗೆ ಇಟ್ಟರೆ ಕಟ್. ಸ್ಪೀಕರ್ ಹಾಕಿ ಕಿಟಕಿಗೆ ಮಾತಾಡಬೇಕು. ನಮ್ಮ ಸಂಸಾರದ ವಿಷಯವೆಲ್ಲ ಪಕ್ಕದ ಮನೆಯವರಿಗೆ ಗೊತ್ತು.

ಕಣದ ಕಾವಲು, ಬುಧವಾರ ಬೆಳಗ್ಗೆ 5.50

ನಿಮಗೆಲ್ಲ ಟಿವಿ ಚಿಂತೆ. ನಮಗೆ ಆನೆ ಚಿಂತೆ.

ಇಲ್ಲಿ ಸುದ್ದಿ ತಡವಾದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಈಗ ನಮ್ಮ ಮೂಡಿಗೆರೆ, ಎಲ್ಲ ಕಡೆ ಅದೇ ಕಥೆ. ಬೆಳಗ್ಗೆ ಆಳುಗಳು ತೋಟಕ್ಕೆ ಇಳಿಯುವ ಮುಂಚೆ ಅವರ ಉಸ್ತುವಾರಿ ನೋಡುವ ರೈಟರ್ ಮೊದಲು ನೋಡುವುದು ಫೋನನ್ನು. ಅರಣ್ಯ ಇಲಾಖೆಯವರು ಗುಂಪಿನ ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಹಿಂಡು ಅವಳ ಹಿಂದೇ ಹೋಗುತ್ತದೆ, ಹಾಗಾಗಿ ಒಂದಕ್ಕೆ ಹಾಕಿದರೆ ಇಡೀ ಹಿಂಡಿನ ವಿಳಾಸ ಸಿಕ್ಕ ಹಾಗೆ. ಒಂಟಿ ಸಲಗದ್ದೇ ಕಷ್ಟ. ಅದು ಯಾರ ಮಾತೂ ಕೇಳುವುದಿಲ್ಲ. ಆನೆ ಎಲ್ಲಿದೆ ಅಂತ ಮೆಸೇಜ್ ಬರುತ್ತದೆ, ವಾಟ್ಸಾಪ್ ಗ್ರೂಪಿನಲ್ಲೂ ಹಾಕುತ್ತಾರೆ. ಒಳ್ಳೆಯ ಕೆಲಸ, ಇಲ್ಲ ಅನ್ನುವುದಿಲ್ಲ.

ಆದರೆ ನೆಟ್‌ವರ್ಕ್? ಹೋದ ವಾರ "ಆನೆಗಳು ನಿಮ್ಮ ಊರಿನ ಕೆರೆ ಪಕ್ಕ ಇವೆ, ಎಚ್ಚರ" ಅನ್ನೋ ಮೆಸೇಜ್ ನನಗೆ ಬಂದಾಗ ಆನೆಗಳು ಕೆರೆ ದಾಟಿ, ನನ್ನ ಬಾಳೆ ತಿಂದು, ಬೇಲಿ ಮುರಿದು, ಪಕ್ಕದವರ ತೋಟಕ್ಕೆ ಹೋಗಿ ಆಗಿತ್ತು. ಅದೇ ದಿನ ಸಾಲ ಬೇಕಾ ಅಂತ ಕೇಳುವ ಫೋನ್ ಮಾತ್ರ ಸರಿಯಾಗಿ ಬಂತು. "ನಿಮ್ಮ ಹೆಸರಲ್ಲಿ ಕೇಸಿದೆ, ವಿಡಿಯೋ ಕಾಲಿನಿಂದ ಏಳಬೇಡಿ" ಅಂತ ಹೆದರಿಸುವವರ ಫೋನೂ ಒಮ್ಮೆ ಬಂದಿತ್ತು. ಅಂಥದ್ದು ಬಂದರೆ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನನ್ನ ವಿಷಯದಲ್ಲಿ ನೆಟ್‌ವರ್ಕೇ ಕಟ್ ಆಯಿತು. ಜೀವಮಾನದಲ್ಲಿ ಒಮ್ಮೆ ಅದು ಉಪಕಾರ ಮಾಡಿತು.

ಗ್ರೂಪಿನ ಇನ್ನೊಂದು ಕಾಟ ಸುಳ್ಳು ಫೋಟೋ. ಮೊನ್ನೆ ಯಾರೋ ಬಸ್ ಸ್ಟ್ಯಾಂಡ್ ಎದುರು ಚಿರತೆ ಕೂತ ಫೋಟೋ ಹಾಕಿದ. ಜನ ಅಂಗಡಿ ಬಾಗಿಲು ಎಳೆದರು. ನಮ್ಮ ಸೊಸೆ ಫೋಟೋ ದೊಡ್ಡದು ಮಾಡಿ ಹಿಂದಿನ ಬೋರ್ಡ್ ತೋರಿಸಿದಳು. ದೂರದಿಂದ ಕನ್ನಡದ ಹಾಗೇ ಇದೆ. ಹತ್ತಿರದಿಂದ ನೋಡಿದರೆ ಕೊಂಬು, ಒತ್ತು, ಸುಳಿ ಎಲ್ಲ ಸೇರಿ ಜಿಲೇಬಿ. ಒಂದೂ ಅಕ್ಷರ ಅಲ್ಲ. ಎಐ ಮಾಡಿದ ಚಿರತೆ. ಚಿರತೆ ಚೆನ್ನಾಗಿ ಬಂದಿತ್ತು, ಕನ್ನಡ ಬಂದಿರಲಿಲ್ಲ.

ರಜೆಗೆ ಮಾತ್ರ ಊರು, ಬುಧವಾರ ಬೆಳಗ್ಗೆ 9.20

ಕಾವಲು ಸರ್, ಆ ಉಪಾಯ ಜಾಸ್ತಿ ದಿನ ನಡೆಯುವುದಿಲ್ಲ. ಎಐ ಕನ್ನಡ ಕಲಿಯುತ್ತಿದೆ. ಈಗಲೇ ಕೆಲವು ಬೋರ್ಡುಗಳನ್ನು ಸರಿಯಾಗಿ ಬರೆಯುತ್ತದೆ, ನಮ್ಮ ಊರಿನ ಪೇಂಟರ್‌ಗಿಂತ ತಪ್ಪು ಕಡಿಮೆ.

ಮೆಸೇಜ್ ತಡವಾಗುವುದಕ್ಕೆ ಒಂದು ಕಾರಣ ಹೇಳುತ್ತೇನೆ. ಎಸ್ಸೆಮ್ಮೆಸ್ ಅಂದರೆ ಒಂದೊಂದು ನಂಬರಿಗೂ ಒಂದೊಂದು ಕಾಗದ ಬರೆದು ಕಳಿಸಿದ ಹಾಗೆ. ಸಾವಿರ ಜನ ಇದ್ದರೆ ಸಾವಿರ ಕಾಗದ, ಅದಕ್ಕೊಂದು ಸಾಲು. ನಿಮ್ಮ ಫೋನ್ ಆ ಹೊತ್ತಿಗೆ ಸಿಗದಿದ್ದರೆ ಕಾಗದ ಅಂಚೆಯಲ್ಲೇ ಉಳಿಯುತ್ತದೆ.

ಇದಕ್ಕಿಂತ ಬೇರೆ ದಾರಿ ಇದೆ. 2023ರಲ್ಲಿ ಒಂದು ದಿನ ಎಲ್ಲರ ಫೋನೂ ಒಟ್ಟಿಗೇ ಕಿರುಚಿದ್ದು ನೆನಪಿದೆಯಾ? ಪರೀಕ್ಷೆಗಾಗಿ ಸರ್ಕಾರ ಕಳಿಸಿದ ಎಚ್ಚರಿಕೆ. ಅದಕ್ಕೆ ಸೆಲ್ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಅದಕ್ಕೆ ಯಾರ ನಂಬರೂ ಬೇಡ. ಟವರ್ ಒಂದೇ ಸಲ ಕೂಗುತ್ತದೆ, ಅದರ ಕೆಳಗಿರುವ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಹತ್ತು ಜನ ಇದ್ದರೂ ಅಷ್ಟೇ ಹೊತ್ತು, ಹತ್ತು ಸಾವಿರ ಇದ್ದರೂ ಅಷ್ಟೇ ಹೊತ್ತು. ಮೇಷ್ಟ್ರು ಹೇಳಿದ ಡಂಗುರ, ಇಲಿ ಅಕ್ಕನ ನಗಾರಿ, ಎರಡೂ ಇದೇ. ಆನೆ ಸುದ್ದಿಗೆ ಒಂದೆರಡು ಟವರಿನ ವ್ಯಾಪ್ತಿಯಲ್ಲಿ ಹೀಗೆ ಕೂಗಿಸಿದರೆ ಎಷ್ಟು ಅನುಕೂಲ ಅಂತ ನನಗೆ ಅನಿಸುತ್ತದೆ.

ಕಣದ ಕಾವಲು, ಬುಧವಾರ ಬೆಳಗ್ಗೆ 9.31

ಟವರ್ ಕೂಗಬೇಕಾದರೆ ಟವರಿಗೆ ಕರೆಂಟ್ ಬೇಕಲ್ಲ ಮಾರಾಯ.

ಸಾಲಗಾಮೆ ರಸ್ತೆ, ಬುಧವಾರ ಬೆಳಗ್ಗೆ 10.00

ಅದಕ್ಕೇ ನಾನು ಹೇಳುವುದು, ಈ ಮಳೆಯಲ್ಲಿ ನಿಜವಾದ ಸೂಪರ್‌ಹೀರೋ ಅಂದರೆ ನಮ್ಮ ಲೈನ್‌ಮನ್‌ಗಳು. ಅವರಿಗೊಂದು ಸಲಾಂ.

ಲೈನ್‌ಮನ್ ಮಗ (ಬೇಲೂರು ತಾಲೂಕು), ಬುಧವಾರ ರಾತ್ರಿ 9.10

ಸಾಲಗಾಮೆ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ಆ ಸಲಾಂ ಬೇಡ. ಪ್ರತಿ ಮಳೆಗಾಲ ಯಾರಾದರೂ ಕಂಬ ಹತ್ತಿದ ಲೈನ್‌ಮನ್ ಫೋಟೋ ಹಾಕಿ "ರಿಯಲ್ ಹೀರೋ" ಅಂತ ಬರೆಯುತ್ತಾರೆ. ಅದೇ ಜನ ಮರುದಿನ ಕರೆಂಟ್ ಒಂದು ಗಂಟೆ ತಡವಾದರೆ ಅಪ್ಪನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಾರೆ. ಹೀರೋ ಅಂದುಬಿಟ್ಟರೆ ಒಳ್ಳೆಯ ಗ್ಲೌಸ್ ಕೊಡಬೇಕಾಗಿಲ್ಲ, ಇನ್ನೊಬ್ಬ ಆಳನ್ನು ಹಾಕಬೇಕಾಗಿಲ್ಲ. ಹೀರೋಗೆ ನಿದ್ದೆಯೂ ಬೇಡ ಅಲ್ವಾ?

ಅಪ್ಪ ಶನಿವಾರ ಬೆಳಗ್ಗೆ ನಾಲ್ಕಕ್ಕೆ ಹೋದವರು ಸೋಮವಾರ ಸಂಜೆ ಬಂದರು. ಬಂದವರು ಜಗಲಿಯಲ್ಲೇ ಕೂತು ಬೂಟು ಕಳಚಿದರು. ಒಂದೊಂದು ಬೂಟಿನಿಂದ ಒಂದೊಂದು ಲೋಟ ನೀರು ಸುರಿಯಿತು. ಕಾಲ್ಬೆರಳುಗಳು ಬೇಯಿಸಿದ ಕಡಲೆಕಾಯಿ ಥರ ಬೆಳ್ಳಗೆ ನೆರಿಗೆ ಕಟ್ಟಿದ್ದವು. ಅಮ್ಮ ಬಿಸಿ ನೀರು ತರುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ಕೈಯಲ್ಲಿ ಫೋನ್ ಇತ್ತು, ಅದು ರಿಂಗ್ ಆಗುತ್ತಲೇ ಇತ್ತು.

ನಿಮಗೆ ನಿಜವಾಗಿಯೂ ಏನಾದರೂ ಮಾಡಬೇಕು ಅನಿಸಿದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಜನರೇಟರ್ ಹಾಕುವ ಮುಂಚೆ ಮೇನ್ ಸ್ವಿಚ್ ಇಳಿಸಿ. ಆಗುವುದಾದರೆ ಚೇಂಜ್‌ಓವರ್ ಸ್ವಿಚ್ (ಲೈನ್, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವುದು) ಹಾಕಿಸಿ. ಇಲ್ಲದಿದ್ದರೆ ನಿಮ್ಮ ಜನರೇಟರಿನ ಕರೆಂಟ್ ಸರ್ವೀಸ್ ವೈರ್ ಹಿಡಿದು ಹಿಂದಕ್ಕೆ ಹೋಗುತ್ತದೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಎರಡೂ ಕಡೆ ಕೆಲಸ ಮಾಡುತ್ತದೆ. ಮೇಲಿನ 11,000 ವೋಲ್ಟನ್ನು ಮನೆಗೆ 230 ಮಾಡಿ ಕೊಡುವ ಅದೇ ಟಿಸಿ, ನಿಮ್ಮ 230 ಹಿಂದಿನಿಂದ ಬಂದರೆ ಅದನ್ನು 11,000 ಮಾಡಿ ಮೇಲೆ ಕಳಿಸುತ್ತದೆ. ಲೈನ್ ಕ್ಲಿಯರ್ (ಕರೆಂಟ್ ಬಂದ್ ಮಾಡಿದ್ದಾರೆ ಅನ್ನೋ ಒಪ್ಪಿಗೆ) ತಗೊಂಡು, ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನ ಕೈಗೆ ಅದು ಸಿಗುತ್ತದೆ. ಅರ್ಥ್ ರಾಡ್ ಹಾಕಿಯೇ ಮುಟ್ಟಬೇಕು, ಅಪ್ಪ ಹಾಕುತ್ತಾರೆ. ಆದರೂ ಕತ್ತಲಲ್ಲಿ, ಮಳೆಯಲ್ಲಿ, ಇನ್ನೂ ಹನ್ನೆರಡು ಕಡೆ ಮರ ಬಿದ್ದಿರುವಾಗ ಅಂತ ಯೋಚಿಸಿ.

ಬೇಲೂರು ಮೇಷ್ಟ್ರು, ಬುಧವಾರ ರಾತ್ರಿ 10.05

ಮಗನೇ, ಸರಿಯಾಗಿ ಹೇಳಿದೆ. ನಾನೂ ಶಾಲೆಯ ಭಾಷಣದಲ್ಲಿ ಹಾಗೆ "ಹೀರೋ" ಅಂದವನೇ.

ನಿನ್ನ ಮಾತು ಓದಿದ ಮೇಲೆ ಆ ಕಾಮಿಕ್ಸ್ ಬಗ್ಗೆ ಒಂದು ಹೊಳೆಯಿತು. ಫ್ಯಾಂಟಮ್‌ಗೆ ಸುದ್ದಿ ಮುಟ್ಟಿಸುವುದು ಆ ಕಾಡಿನ ಜನ. ರಾತ್ರಿಯೆಲ್ಲ ನಿದ್ದೆಗೆಟ್ಟು ಒಂದು ಹಾಡಿಯಿಂದ ಇನ್ನೊಂದಕ್ಕೆ ನಗಾರಿ ದಾಟಿಸಿದವರು ಅವರು. ಬಂದು ಎರಡು ಏಟು ಹಾಕಿ ಕುದುರೆ ಹತ್ತಿ ಹೋದವನು ಬಿಳಿಯ. ಪುಸ್ತಕ ಅವನ ಹೆಸರಲ್ಲಿ. ಅವನ ಗೆಳೆಯ ಗುರನ್ ಒಬ್ಬನನ್ನು ಬಿಟ್ಟರೆ ನಗಾರಿಯವರಲ್ಲಿ ಒಬ್ಬರ ಹೆಸರೂ ನನಗೆ ನೆನಪಿಲ್ಲ. ಎಷ್ಟು ಪುಸ್ತಕ ಓದಿದ್ದೇನೆ!

ಬಾಡಿಗೆ ಪುಸ್ತಕ, ಗುರುವಾರ ಬೆಳಗ್ಗೆ 8.30

ಮೇಷ್ಟ್ರೇ, ಕಾಮಿಕ್ಸಿನ ಒಳಗೆ ಮಾತ್ರ ಅಲ್ಲ, ಹೊರಗೂ ಇದೇ ಕಥೆ. ಸೂಪರ್‌ಮ್ಯಾನ್ ಹುಟ್ಟಿಸಿದ ಸೀಗಲ್ ಮತ್ತು ಶೂಸ್ಟರ್ ಅನ್ನೋ ಇಬ್ಬರು ಹುಡುಗರು ಅವನ ಹಕ್ಕನ್ನೆಲ್ಲ 130 ಡಾಲರಿಗೆ ಬರೆದು ಕೊಟ್ಟರು. ಆ ಮೊದಲ ಸಂಚಿಕೆಯ ಬೆಲೆ ಆಗ ಹತ್ತು ಸೆಂಟ್. ಅದರ ಒಂದೇ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಬ್ಯಾಟ್‌ಮ್ಯಾನ್ ಮಾಡಿದ್ದರಲ್ಲಿ ಬಿಲ್ ಫಿಂಗರ್ ಪಾಲು ದೊಡ್ಡದು. ಅವನ ಹೆಸರನ್ನು ಅಧಿಕೃತವಾಗಿ ಹಾಕಲು ಶುರು ಮಾಡಿದ್ದು 2015ರಲ್ಲಿ, ಅವನು ಸತ್ತು ನಲವತ್ತು ವರ್ಷ ದಾಟಿದ ಮೇಲೆ.

ನಮ್ಮ ಕಡೆಯದ್ದೂ ಒಂದಿದೆ. ಕಾರ್ಕಳದ ಅನಂತ ಪೈ ಅವರ ಅಮರ ಚಿತ್ರಕಥೆಯಲ್ಲಿ ಕೃಷ್ಣನ ಪುಸ್ತಕದ ನಂಬರ್ 11. ಮೊದಲ ಹತ್ತು ಎಲ್ಲಿ ಅಂತ ಇಂಗ್ಲಿಷ್ ಓದುಗರು ಹುಡುಕುತ್ತಿರುತ್ತಾರೆ. ಆ ಹತ್ತು ಬಂದಿದ್ದು ಕನ್ನಡದಲ್ಲಿ! ಸಿಂಡ್ರೆಲಾ ಥರದ ವಿದೇಶಿ ಕಥೆಗಳು. ಕನ್ನಡದಲ್ಲಿ ಮಾಡೋಣ ಅಂತ ಹೊರಟವರು ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್. ಅಪ್ಪ ಈ ಕಥೆಯನ್ನು ಗಿರಾಕಿ ಇರಲಿ ಬಿಡಲಿ ಹೇಳುತ್ತಿದ್ದರು.

ಈಗ ಇಲಿ ಅಕ್ಕನಿಗೆ ಕೆಟ್ಟ ಸುದ್ದಿ. ನಿಮ್ಮ ಪುಸ್ತಕ ಸಿಕ್ಕಿತು. ಹೊದಿಕೆ ಇದೆ. ಕೊನೇ ಹಾಳೆ ಇಲ್ಲ. ಹಾಳೆಯ ಬೆನ್ನಿಗೆ ಏನೋ ಕೂಪನ್ ಇತ್ತು, ಕತ್ತರಿಸಿ ಕಳಿಸಿದರೆ ಬಹುಮಾನ ಅಂತ. ಕತ್ತರಿಸಿದ್ದು ಯಾರು ಅಂತ ಕೇಳಬೇಡಿ. ಅಂಗಡಿಯವನ ಮಗನಿಗೆ ಆಗ ಹನ್ನೊಂದು ವರ್ಷ. ಬಹುಮಾನವೂ ಬರಲಿಲ್ಲ.

ಅಟ್ಟದ ಇಲಿ, ಗುರುವಾರ ಸಂಜೆ 6.20

ಅಯ್ಯೋ! ನಿಮ್ಮದೂ, ನಮ್ಮ ಚಿಕ್ಕಪ್ಪನದ್ದೂ ಒಂದೇ ಕತ್ತರಿ. ಈಗ ನೆನಪಾಯಿತು, ನಮ್ಮ ಪ್ರತಿಯ ಅಂಚೂ ಹರಿದದ್ದಲ್ಲ, ನೀಟಾಗಿ ಕತ್ತರಿಸಿದ್ದು.

ಲೈನ್‌ಮನ್ ಮಗನಿಗೆ: ಮೇನ್ ಸ್ವಿಚ್ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದಿಂದ ಜನರೇಟರ್ ಸುಮ್ನೆ ಪ್ಲಗ್ಗಿಗೆ ಚುಚ್ಚುತ್ತಿದ್ದೆವು. ಓದಿದ ಕೂಡಲೇ ನಮ್ಮವರು ಎದ್ದು ಹೋಗಿ ಆ ವೈರನ್ನೇ ಕಿತ್ತು ಹಾಕಿದರು. ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಆ ಹುಡುಗನ ಅಪ್ಪ ಯಾವ ಫೀಡರಿನವರು, ಕೇಳು" ಅಂದರು.

ಲೈನ್‌ಮನ್ ಮಗ, ಗುರುವಾರ ರಾತ್ರಿ 8.45

ನಿಮ್ಮ ಕಡೆಯವರಲ್ಲ ಅಕ್ಕ. ಆದರೆ ನಿಮ್ಮ ಕಡೆಯವರಿಗೂ ಒಬ್ಬ ಮಗನೋ ಮಗಳೋ ಇರುತ್ತಾರೆ.

ರಜೆಗೆ ಮಾತ್ರ ಊರು, ಶುಕ್ರವಾರ ಬೆಳಗ್ಗೆ 7.15

ಇಲಿ ಅಕ್ಕ, ಹಳೇ ಪುಸ್ತಕದ ಅಂಗಡಿಯಲ್ಲಿ ಇದೇ ಕಥೆಯ ಇಂಗ್ಲಿಷ್ ಇಂದ್ರಜಾಲ ಸಿಕ್ಕಿತು. ಕೊನೇ ಹಾಳೆ ಇದೆ, ಕೂಪನ್ ಸಮೇತ. ಫೋಟೋ ಕಳಿಸಿದರೆ ನಿಮ್ಮ ಕಲ್ಲಿನ ಮೇಲೆ ನಿಂತು ಇಳಿಸಿಕೊಳ್ಳಲು ರಾತ್ರಿ ಆಗುತ್ತದೆ. ಪುಸ್ತಕವನ್ನೇ ಸಕಲೇಶಪುರದ ಬಸ್ಸಿಗೆ ಹಾಕಿಸಿದ್ದೇನೆ. ಕಂಡಕ್ಟರ್ ಹತ್ತಿರ ಕೇಳಿ. ಮೇಲೆ "ಅಟ್ಟದ ಇಲಿ" ಅಂತಲೇ ಬರೆದಿದ್ದೇನೆ, ಅವರು ಎರಡು ಸಲ ಓದಿ ನನ್ನ ಮುಖ ನೋಡಿದರು.

ಅಟ್ಟದ ಇಲಿ, ಶನಿವಾರ ರಾತ್ರಿ 8.50

ಪುಸ್ತಕ ಬಂತು. ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್. ಒಂದು ಮೂಲೆಯೂ ನೆನೆದಿಲ್ಲ. ಕಂಡಕ್ಟರ್ "ಇಲಿ ಯಾರಮ್ಮ?" ಅಂತ ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದರು. ಮೇಷ್ಟ್ರೇ, ಒಳ್ಳೆಯ ಕೂಗಳತೆ.

ಮಗಳನ್ನು ಕೂರಿಸಿಕೊಂಡು, ಮೊದಲಿನಿಂದ ಕನ್ನಡದ್ದನ್ನು ಓದಿ, ಕೊನೇ ಪುಟಕ್ಕೆ ಇಂಗ್ಲಿಷಿನದ್ದನ್ನು ಕನ್ನಡ ಮಾಡಿ ಹೇಳಿದೆ. ಮೂರು ಚಿತ್ರ. ಒಂದರಲ್ಲಿ ಎಲ್ಲರೂ ಥ್ಯಾಂಕ್ಸ್ ಹೇಳುತ್ತಾರೆ. ಇನ್ನೊಂದರಲ್ಲಿ ಅವನು ಕುದುರೆ ಹತ್ತುತ್ತಾನೆ. ಕೊನೆಯದರಲ್ಲಿ ಕಾಡು, ಅಷ್ಟೇ.

"ಇಷ್ಟೇನಾ?" ಅಂದಳು. ಐದು ದಿನ ಕಾದಿದ್ದಕ್ಕೆ ಅವಳಿಗೆ ಸಿಟ್ಟೇ ಬಂತು. ಆಮೇಲೆ ಹಾಳೆ ತಿರುಗಿಸಿ ಕೂಪನ್ ನೋಡಿದಳು, ತುಂಬಾ ಹೊತ್ತು ನೋಡಿದಳು. "ಅಮ್ಮ, ಇದನ್ನು ಈಗ ಕಳಿಸಿದರೆ ಬಹುಮಾನ ಕೊಡುತ್ತಾರಾ?"

ಕತ್ತರಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ. ಬ್ಯಾಟರಿ 6 ಇದೆ, ಬರುತ್ತೇನೆ.